ತ್ರ್ಯಂಬಕರಾಯರ ಕಂಪನಿ ಬಣ್ಣ

ತ್ರ್ಯಂಬಕರಾಯರಿಗೆ ಝೆರಾಕ್ಸ್ ಕಂಡರೆ ಆಗುತ್ತಿರಲಿಲ್ಲ. ಬೆಳಗಾವಿಯ ಒಂದು ವಿಮಾ ಕಚೇರಿಯ ಕಿಟಕಿಯ ಹಿಂದೆ ಅವರು ಕೂತು ಇಪ್ಪತ್ತೆಂಟು ವರ್ಷವಾಗಿತ್ತು. ಆ ಕಿಟಕಿಯ ಮುಂದೆ ನಿಂತವರು ಯಾರೂ ಮೊದಲ ಸಲಕ್ಕೇ ಕೆಲಸ ಮುಗಿಸಿಕೊಂಡು ಹೋದದ್ದಿಲ್ಲ. "ಒರಿಜಿನಲ್ ಎಲ್ಲೈತಿ?" ಎನ್ನುವುದು ರಾಯರ ಮೊದಲ ಮಾತು, "ಒರಿಜಿನಲ್ ತೊಗೊಂಡ ಬರ್ರಿ" ಎನ್ನುವುದು ಕೊನೆಯ ಮಾತು. ನಡುವೆ ಇನ್ನೊಂದು ಮಾತಿಗೆ ಜಾಗವಿರಲಿಲ್ಲ. ಹಿಂಡಲಗಾದ ಸಾವಂತ್ರವ್ವ ಎಂಬ ಮುದುಕಿ ತನ್ನ ವಯಸ್ಸಿನ ದಾಖಲೆಗಾಗಿ ನಾಲ್ಕು ಸಲ ತಿರುಗಿ ಸಾಕಾಗಿ, ಐದನೆಯ ಸಲ ಕಿಟಕಿಯೊಳಗೆ ಮುಖವನ್ನೇ ತೂರಿಸಿದ್ದಳು.

"ಸಾಹೇಬ್ರ, ನಾನ ಒರಿಜಿನಲ್ ಅದೀನ್ರಿ. ನನ್ನ ನೋಡಿ ಬರಕೋರಿ."

ರಾಯರು ಕನ್ನಡಕ ಸರಿಮಾಡಿಕೊಂಡು ಆ ಮುಖವನ್ನು ಪರಿಶೀಲಿಸಿದರು. "ಮಾರಿ ಮ್ಯಾಲೆ ಸೀಲ್ ಇಲ್ಲಲ್ಲವಾ" ಎಂದು ವಾಪಸು ಕಳಿಸಿದರು.

ಇಂಥ ಮನುಷ್ಯರ ಹತ್ತಿರ ಒಂದು ಕಾರಿತ್ತು. ಅರವತ್ನಾಲ್ಕನೆಯ ಇಸವಿಯ ಫಿಯೆಟ್. ಅವರ ತಂದೆ, ಖಾನಾಪುರದ ವಕೀಲ ವಾಮನರಾವ್ ಹುದ್ದಾರರು ಕೊಂಡದ್ದು. ಅದರ ಬಣ್ಣ ಹಸಿರು. ಎಂಥ ಹಸಿರೆಂದರೆ ತೊಂಡೆಕಾಯಿಗೂ ಹೆಸರುಕಾಳಿಗೂ ನಡುವೆ ಎಲ್ಲೋ ಬರುವ, ಅಂಗಡಿಯಲ್ಲಿ ಹೆಸರು ಹೇಳಿ ಕೇಳಲಾಗದ ಹಸಿರು. ಖಾನಾಪುರದ ಮನೆಯ ಬಾಗಿಲು, ಕಿಟಕಿ, ತೂಗುಮಂಚದ ಹಲಗೆ, ಬಾವಿಯ ಗಡಗಡೆ ಎಲ್ಲವೂ ಅದೇ ಹಸಿರು. ವಕೀಲರಿಗೆ ಕಾರಿನ ಬಣ್ಣ ಎಷ್ಟು ಮೆಚ್ಚುಗೆಯಾಯಿತೆಂದರೆ ಅದನ್ನೇ ನೋಡಿ ಮನೆಗೆಲ್ಲ ಹಚ್ಚಿಸಿದರು ಎಂದು ಹುದ್ದಾರರ ಮನೆತನದ ಇತಿಹಾಸ ಹೇಳುತ್ತಿತ್ತು. ಆ ಇತಿಹಾಸಕ್ಕೆ ಒರಿಜಿನಲ್ ದಾಖಲೆ ಇದೆಯೇ ಎಂದು ಮಾತ್ರ ರಾಯರು ಯಾಕೋ ಕೇಳಿರಲಿಲ್ಲ.

ಕಾರಿನ ಡಿಕ್ಕಿಯ ಮೇಲೆ ಕಂಡೂ ಕಾಣದಂಥ ಕೆಲವು ಗೆರೆಗಳಿದ್ದವು. ಮನೆಗೆ ಬಂದವರಿಗೆ ಚಹಾಕ್ಕೆ ಮುಂಚೆ ಅವುಗಳ ದರ್ಶನವಾಗಬೇಕು. "ಮುಟ್ಟಿ ನೋಡ್ರಿ. ಇವು ಬಣ್ಣದ ಸುಕ್ಕ. ಒರಿಜಿನಲ್ ಬಣ್ಣಕ್ಕಷ್ಟ ಹಿಂಗ ಸುಕ್ಕ ಬೀಳತಾವ. ಹೊಸಾ ಬಣ್ಣಾ ಹಚ್ಚಿಸಿದವರಿಗಿ ಈ ಭಾಗ್ಯ ಇಲ್ಲ" ಎನ್ನುತ್ತಿದ್ದರು ರಾಯರು. ಚಹಾ ಬೇಕಾದವರು ಮುಟ್ಟಿ ನೋಡಿ ಹೌದೆನ್ನುತ್ತಿದ್ದರು.

ಎಲ್ಲವೂ ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಪಕ್ಕದ ಮನೆಯ ಅಭಿಜಿತನಿಂದ. ಅಭಿಜಿತ ಹಳೆಯ ವಾಹನ ಪ್ರೇಮಿಗಳ ಸಂಘದ ಕಾರ್ಯದರ್ಶಿ. ತನ್ನ ಅಜ್ಜನ ಕಾಲದ ಜೀಪನ್ನು ಮಚ್ಛೆಯ ಗ್ಯಾರೇಜಿನಲ್ಲಿ ನಾಲ್ಕು ತಿಂಗಳು ಇಟ್ಟು, ಮುಖ ನೋಡಿ ಕ್ರಾಪು ತೆಗೆದುಕೊಳ್ಳಬಹುದಾದಷ್ಟು ಹೊಳಪಿಸಿ ತಂದಿದ್ದ. ಟಿಳಕವಾಡಿಯಲ್ಲಿ ಸೇರಿದ ಸಂಘದ ಸಭೆಯಲ್ಲಿ ಈ ವರ್ಷದ ಸ್ಪರ್ಧೆಯ ನಿಯಮ ಓದಿದವನೂ ಅವನೇ. ನೂರಕ್ಕೆ ಬಣ್ಣದ ಅಂಕ ಮೂವತ್ತು. ಕಂಪನಿಯಿಂದ ಬಂದ ಬಣ್ಣ ಹಾಗೇ ಉಳಿದಿದ್ದರೆ, ಎಷ್ಟು ಮಾಸಿದ್ದರೂ, ಪೂರ್ತಿ ಮೂವತ್ತು. ಅದೇ ಬಣ್ಣವನ್ನು ಮತ್ತೆ ಹಚ್ಚಿಸಿದ್ದರೆ, ಎಷ್ಟು ಹೊಳೆದರೂ, ಹದಿನೈದರ ಒಳಗೆ. ಕಂಪನಿ ಹಚ್ಚದೆ ಇದ್ದ ಬಣ್ಣ ಹಚ್ಚಿಸಿದ್ದರೆ ಸೊನ್ನೆ.

ಇಷ್ಟು ಕೇಳಿದ್ದೇ ರಾಯರು ಎದ್ದು ನಿಂತರು. ಯಾರೂ ಅವರನ್ನು ಎಬ್ಬಿಸಿರಲಿಲ್ಲ.

"ಅಭಿಜಿತ, ನಿನ್ನ ಜೀಪ ಅಂದ್ರ ಝೆರಾಕ್ಸ್ ಕಾಪಿ ನೋಡಪಾ. ನನ್ನ ಗಾಡಿ ಒರಿಜಿನಲ್. ಕಂಪನಿ ಬಣ್ಣಾ ಬಿಟ್ಟರ ಅದಕ್ಕ ಇನ್ನೊಬ್ಬರ ಕೈ ಹತ್ತಿಲ್ಲ."

ಸಭೆಯಲ್ಲಿ ನಗೆ ಎದ್ದಿತು. ಅಭಿಜಿತನ ಮುಖ ಜೀಪಿನಂತೆಯೇ ಕೆಂಪಾಯಿತು. "ಹಂಗಾರ ಇದರಾಗ ಬರದ ಕೊಡ್ರಿ ಕಾಕಾ" ಎಂದು ಒಂದು ಅರ್ಜಿಯನ್ನು ಮುಂದೆ ಹಿಡಿದ. ಅಷ್ಟು ಜನರೆದುರು ಓದುತ್ತಾ ಕೂಡುವುದು ಶೋಭೆಯಲ್ಲವೆಂದು ರಾಯರು 'ಬಣ್ಣ ಕಂಪನಿಯದೇ' ಎಂದು ಬರೆದು, ಕೆಳಗೆ ಸಹಿ ಜಡಿದರು. ಸಹಿಯ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಹೇಳಿಕೆ ಸುಳ್ಳೆಂದು ಕಂಡುಬಂದರೆ ಗಾಡಿಯನ್ನು ಸ್ಪರ್ಧೆಯಿಂದ ಹೊರಗಿಟ್ಟು ಮಾಲೀಕರ ಹೆಸರನ್ನು ಮೈಕಿನಲ್ಲಿ ಓದಲಾಗುವುದು ಎಂದಿತ್ತು. ಸಣ್ಣ ಅಕ್ಷರ ಓದದೆ ಸಹಿ ಹಾಕುವವರಿಗೆ ಇಪ್ಪತ್ತೆಂಟು ವರ್ಷ ಬುದ್ಧಿ ಹೇಳಿದ ಮನುಷ್ಯ ಅದನ್ನು ಓದಲಿಲ್ಲ.

ಬುಧವಾರ ಬೆಳಿಗ್ಗೆ ಅಭಿಜಿತ ಕಂಪೌಂಡ್ ಗೋಡೆಯ ಮೇಲಿಂದ ಇಣುಕಿದ. ಅವನ ಮುಖದಲ್ಲಿ ಅಷ್ಟೊಂದು ವಿನಯ ಇದ್ದದ್ದು ನೋಡಿಯೇ ರಾಯರು ಓದುತ್ತಿದ್ದ ಪೇಪರು ಮಡಚಿಟ್ಟರು.

"ಕಾಕಾ, ಹುಬ್ಬಳ್ಳಿಯಿಂದ ಜಜ್ ಬಾಯಾರು ಫೋನ್ ಮಾಡಿದ್ರು. ಗಂಗಾದೇವಿ ಬಾಯಾರು. ಕಾಲೇಜಿನ್ಯಾಗ ರಸಾಯನಶಾಸ್ತ್ರ ಕಲಿಸ್ತಿದ್ರಂತ. ಅರವತ್ನಾಕರ ಬಣ್ಣದ ಪಟ್ಟಿಯೊಳಗ ನಿಮ್ಮ ಹಸರ ಇಲ್ಲಂತ್ರಿ."

"ಇಲ್ಲಂದ್ರ?"

"ಇಲ್ಲಂದ್ರ ಇಲ್ಲ. ಯಾರರ ಕಂಪನಿಗಿ ಹೇಳಿ ಮಾಡಿಸಿದ್ದಿದ್ರ ಇರಬಹುದಂತ. ಅದಕ್ಕ ಪುರಾವೆ ಕೇಳ್ಯಾರ. ಹಳೇ ಫೋಟೋ ಆತು, ಕಾಗದ ಆತು, ಇಲ್ಲಾ ಕಣ್ಣಾರೆ ಕಂಡ ಸಾಕ್ಷಿ ಆತು. ಆದ್ರ ಎಲ್ಲಾ ಒರಿಜಿನಲ್ ಬೇಕಂತ ಕಾಕಾ. ಝೆರಾಕ್ಸ್ ನಡೆಯೂದಿಲ್ಲಂತ."

ರಾಯರು ಒಳಗೆ ಓಡಿ ಕಪಾಟು ಕೆದರಿದರು. ಗಾಡಿಯ ನೋಂದಣಿ ಪುಸ್ತಕ ಸಿಕ್ಕಿತು. ಇಂಜಿನ್ನಿನ ಸಂಖ್ಯೆ ಇತ್ತು, ತಂದೆಯ ಸಹಿ ಇತ್ತು. ಬಣ್ಣ ಎಂದು ಬರೆದಿದ್ದ ಸಾಲನ್ನು ಜಿರಳೆ ತಿಂದಿತ್ತು. ಅಷ್ಟು ದೊಡ್ಡ ಪುಸ್ತಕದಲ್ಲಿ ಆ ಒಂದೇ ಸಾಲನ್ನು ಹುಡುಕಿ ತಿಂದಿತ್ತು. ಫೋಟೋಗಳು ಐದು ಸಿಕ್ಕವು. ಐದೂ ಕಪ್ಪು ಬಿಳುಪು.

"ಬೂದಿ ಬಣ್ಣದ್ದಿತ್ತು ಅಂತ ಹೇಳಿಬಿಡ್ರಿ" ಎಂದರು ಹೆಂಡತಿ ರಸಿಕಾ, ರೊಟ್ಟಿ ಬಡಿಯುತ್ತ. "ಫೋಟೋದಾಗ ನೀವೂ ಬೂದಿ ಬಣ್ಣಾನ ಅದೀರಿ."

ರಾಯರಿಗೆ ನಗು ಬರಲಿಲ್ಲ. ಕಚೇರಿಯಲ್ಲಿ ಯಾರಿಗೋ "ಒರಿಜಿನಲ್ ಎಲ್ಲೈತಿ?" ಎಂದು ಕೇಳಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಆ ಮಾತು ತಮಗೇ ಯಾರೋ ಕೇಳಿದಂತಾಯಿತು.

ಗುರುವಾರ ರಜೆ ಹಾಕಿ ಫಿಯೆಟ್ಟಿನಲ್ಲೇ ಖಾನಾಪುರಕ್ಕೆ ಹೊರಟರು. ಅಲ್ಲಿ ತಂದೆಯ ಮನೆಯಲ್ಲಿ ತಂಗಿ ಕುಂದಾ ಹೊಲಿಗೆ ತರಗತಿ ನಡೆಸುತ್ತಾಳೆ. ಪಡಸಾಲೆಯಲ್ಲಿ ಹದಿನಾಲ್ಕು ಮಷಿನ್ ಏಕಕಾಲಕ್ಕೆ ಓಡುತ್ತಿದ್ದರೆ ಆ ಮನೆಯಲ್ಲಿ ಯಾರ ಚಿಂತೆಯೂ ಯಾರಿಗೂ ಕೇಳಿಸುವುದಿಲ್ಲ. ರಾಯರು ಮೂರು ಸಲ ಕೂಗಿ ಹೇಳಿದ ಮೇಲೆ ಅವಳಿಗೆ ವಿಷಯ ತಿಳಿಯಿತು.

"ಇಷ್ಟಕ್ಕ ಇಷ್ಟ ಸೊರಗೀಯೇನು ದಾದಾ? ಬಾಗಲಾನ ಸಾಕ್ಷಿ. ಒಂದ ಕಿತಗೊಂಡ ಹೋಗು" ಎಂದಳು. ಆಮೇಲೆ ಏನೋ ಹೊಳೆದು, "ಅಯ್ಯ, ಬಾಗಲಕ್ಕ ಬಣ್ಣಾ ಹಚ್ಚಿದ ನಾಗಲಿಂಗಪ್ಪ ಇನ್ನೂ ಗಟ್ಟಿ ಇದ್ದಾನಲ್ಲ! ಸ್ಟೇಶನ್ ಬಾಜು ಅವನ ಮನಿ. ಅವನ್ನ ಕೇಳು" ಎಂದಳು.

ನಾಗಲಿಂಗಪ್ಪ ಎಪ್ಪತ್ತೈದು ದಾಟಿದ ಪೇಂಟರ್. ಮನೆಯ ಕಟ್ಟೆಯ ಮೇಲೆ ಯಾವುದೋ ಅಂಗಡಿಯ ಬೋರ್ಡು ಬರೆಯುತ್ತಿದ್ದ. ರಾಯರು ನಮಸ್ಕಾರ ಮಾಡಿ, ಅರ್ಧ ಉತ್ತರವನ್ನು ತಾವೇ ಸೇರಿಸಿ ಪ್ರಶ್ನೆ ಕೇಳಿದರು.

"ನಾಗಲಿಂಗಪ್ಪಾ, ಅಪ್ಪಾರು ಗಾಡಿ ಬಣ್ಣಾ ನೋಡಿ ಅದನ್ನ ಬಾಗಲಕ್ಕ ಹಚ್ಚಿಸಿದ್ರಲ್ಲಾ, ನೆನಪೈತಿಲ್ಲೋ?"

ಮುದುಕ ಕುಂಚ ಎತ್ತದೆ ಹೇಳಿದ: "ಬಾಗಲಾ ಮದಲ ಹಚ್ಚೀನ್ರಿ. ಗಾಡಿ ಹಿಂದಾಗಡೆ."

"ಅಂದ್ರ?"

"ಬಾಗಲಾ ಕಿಡಕಿ ಎಲ್ಲಾ ಮುಗದು ಎರಡ ಡಬ್ಬಿ ಉಳದಿದ್ವು. ಅದನ್ನ ಗಾಡಿಗಿ ಹಚ್ಚೀನಿ. ಗಾಡಿ ಮದಲ ಹಾಲಿನ ಕೆನೀ ಬಣ್ಣದ್ದಿತ್ತು. ಏನ ಚಂದ ಇತ್ತು!"

ರಾಯರು ದೊಪ್ಪನೆ ಕೂತುಬಿಟ್ಟರು. ಕೂತದ್ದು ಆಗತಾನೆ ಬಿಳಿ ಬಣ್ಣ ಹಚ್ಚಿ ಒಣಗಲು ಇಟ್ಟ ಹಲಗೆಯ ಮೇಲೆ. ಅದು ಅವರ ಲಕ್ಷ್ಯಕ್ಕೆ ಬರಲಿಲ್ಲ.

"ಯಾಕ್ ಹಚ್ಚಿಸಿದ್ರು?"

"ಅದನ್ನ ಯಾರ ಮುಂದೂ ಹೇಳಬ್ಯಾಡಂತ ವಕೀಲ ಸಾಹೇಬ್ರು ಆಣಿ ಹಾಕಿಸ್ಕೊಂಡಾರ್ರಿ. ನಿಮ್ಮ ಮುಂದಂತೂ ಹೇಳಾಕ ಹೋಗಬ್ಯಾಡ ಅಂದಾರ."

ರಾಯರು ಮುದುಕನ ಎರಡೂ ಕೈ ಹಿಡಿದುಕೊಂಡರು. "ಹಂಗಾರ ಹೇಳಬ್ಯಾಡ್ರಿ. ಹಸರ ಹಚ್ಚಿದ್ದ ಸುದ್ದೀನೂ ಯಾರ ಮುಂದೂ ತೆಗೀಬ್ಯಾಡ್ರಿ. ನಿಮ್ಮ ಕಾಲ ಬೀಳತೀನಿ."

"ಐವತ್ತ ವರ್ಷದ ಮ್ಯಾಲಾತು, ಬಾಯಿ ಬಿಟ್ಟಿಲ್ಲ. ಇನ್ನೇನ ಬಿಡತೀನ್ರಿ" ಎಂದ ನಾಗಲಿಂಗಪ್ಪ. ಆಮೇಲೆ ಅವರ ಹಿಂಭಾಗ ನೋಡಿ, "ಅದನ್ನ ಸೀಮಿ ಎಣ್ಣಿಲೆ ತಿಕ್ಕರಿ, ಹೋಗತೈತಿ" ಎಂದ.

ಸ್ಪರ್ಧೆಯಿಂದ ಹೆಸರು ವಾಪಸು ಪಡೆಯುವುದೊಂದೇ ದಾರಿ ಎಂದುಕೊಂಡು ರಾಯರು ಬೆಳಗಾವಿ ಮುಟ್ಟಿದರು. ಓಣಿಯ ತುದಿಯಲ್ಲೇ ಒಂದು ಬ್ಯಾನರು ಎದುರಾಯಿತು. ಅದರಲ್ಲಿ ಅವರದೇ ಫೋಟೋ, ಪಕ್ಕದಲ್ಲಿ ಫಿಯೆಟ್, ಕೆಳಗೆ 'ಬೆಳಗಾವಿಯ ಏಕೈಕ ಕಂಪನಿ ಬಣ್ಣದ ಕಾರು, ಮಾಲೀಕರಿಗೆ ಅಭಿನಂದನೆ.' ಓಣಿಯವರು ಕಟ್ಟಿದ್ದು. ಶುಕ್ರವಾರ ಕಚೇರಿಯಲ್ಲಿ ಮ್ಯಾನೇಜರರೇ ಎದ್ದು ಬಂದು ಕೈ ಕುಲುಕಿದರು. "ರವಿವಾರ ನಾವೆಲ್ಲಾ ಬರತೀವಿ ಹುದ್ದಾರ. ನೀವಂದ್ರ ಒರಿಜಿನಲ್ ಮನಷ್ಯಾ." ಸಂಜೆ ಅಭಿಜಿತನ ಬಾಗಿಲ ತನಕ ಹೋದ ರಾಯರು, "ಏನ್ರಿ ಕಾಕಾ?" ಎಂದು ಅವನು ಕೇಳಿದ್ದಕ್ಕೆ, "ಏನಿಲ್ಲ, ಗಾಳಿಗಿ ಬಂದಿದ್ದೆ" ಎಂದು ತಿರುಗಿ ಬಂದರು. ಅವರು ನಿಜಕ್ಕೂ ಹೆದರಿದ್ದರು. ಬಹುಮಾನ ಹೋದೀತೆಂಬ ಹೆದರಿಕೆ ಅದಲ್ಲ. ಇಪ್ಪತ್ತೆಂಟು ವರ್ಷ ಊರಿನವರನ್ನೆಲ್ಲ ಸುಳ್ಳರೆಂಬಂತೆ ನೋಡಿದ ಮನುಷ್ಯನ ಹೆಸರು ಮೈಕಿನಲ್ಲಿ ಸುಳ್ಳನದಾಗಿ ಕೇಳಿಸಿದರೆ, ಸೋಮವಾರ ಆ ಕಿಟಕಿಯ ಹಿಂದೆ ಹೇಗೆ ಕೂಡುವುದು?

ರವಿವಾರ ಟಿಳಕವಾಡಿಯ ಮೈದಾನದಲ್ಲಿ ಮೂವತ್ತೆರಡು ಹಳೆಯ ಗಾಡಿಗಳು ಸಾಲಾಗಿ ನಿಂತವು. ರಾಯರು ತಮ್ಮದರ ಪಕ್ಕದಲ್ಲಿ ನಿಂತು, ಸಾಕ್ಷಿ ಇಲ್ಲ ಎಂದರೆ ಜಜ್ ಬಾಯಾರು ಐದೋ ಹತ್ತೋ ಅಂಕ ಕೊಟ್ಟು ಸುಮ್ಮನೆ ಮುಂದೆ ಹೋದಾರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಅಷ್ಟರಲ್ಲಿ ಒಂದು ಟೆಂಪೋ ಹಾರ್ನ್ ಹೊಡೆಯುತ್ತ ಒಳಗೆ ಬಂತು. ಅದರ ತುಂಬ ಖಾನಾಪುರದ ಹೊಲಿಗೆ ತರಗತಿ. ಟಪ್ಪಿನ ಮೇಲೆ ಹಗ್ಗದಿಂದ ಬಿಗಿದ ಒಂದು ಹಸಿರು ಬಾಗಿಲು. ಡ್ರೈವರನ ಪಕ್ಕ, ಇಸ್ತ್ರಿ ಮಾಡಿದ ಧೋತರ, ತಲೆಗೆ ಪಟಗಾ, ನಾಗಲಿಂಗಪ್ಪ.

"ದಾದಾ, ಸಾಕ್ಷೀನ ಬಿಟ್ಟ ಬಂದೀಯಲ್ಲೋ!" ಎಂದು ಕುಂದಾ ಇಳಿದಳು. "ನಾ ಕರಕೊಂಡ ಬಂದೆ ನೋಡು."

ರಾಯರು ಬಾನೆಟ್ಟಿಗೆ ಆತುಕೊಂಡರು. ನಾಗಲಿಂಗಪ್ಪ ಹತ್ತಿರ ಬಂದು ಅವರ ಕಿವಿಯಲ್ಲಿ, "ಅಂಜಬ್ಯಾಡ್ರಿ. ಇಕಿ ಎಳಕೊಂಡ ಬಂದ್ಲು. ನಾ ಬಾಯಿ ಬಿಡೂದಿಲ್ಲ" ಎಂದ.

ಗಂಗಾದೇವಿ ಬಾಯಾರು ಸಾಲಿನ ಆ ತುದಿಯಿಂದ ಬರುತ್ತಿದ್ದರು. ನೂಲಿನ ಸೀರೆ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ. ಅಭಿಜಿತನ ಜೀಪಿನ ಮುಂದೆ ನಿಂತು, "ನಟ್ ಬೋಲ್ಟಿಗೂ ಬಣ್ಣಾ ಹೊಡಿಸೀರಲ್ಲಪಾ. ಕಂಪನಿಯಿಂದ ಬಂದಾಗೂ ಇದು ಇಷ್ಟ ಹೊಳದಿರಾಕಿಲ್ಲ. ಹನ್ನೆರಡು" ಎಂದರು. ಅಭಿಜಿತ ಕೂತ ಜಾಗದಲ್ಲೇ ಕುಗ್ಗಿಹೋದ.

ಫಿಯೆಟ್ಟಿನ ಸರದಿ ಬಂತು. ಯಂತ್ರವನ್ನು ಬಾನೆಟ್ಟಿಗೆ ಒತ್ತಿದರು, ಬಾಗಿಲಿಗೆ ಒತ್ತಿದರು, ಡಿಕ್ಕಿಗೆ ಒತ್ತಿದರು. ಹುಬ್ಬು ಮೇಲೇರಿತು. "ಭಾಳ ತೆಳ್ಳಗದ. ಒಂದರ ಮ್ಯಾಲೊಂದ ಹಚ್ಚಿದ್ದಲ್ಲ ಇದು." ಖಾನಾಪುರದ ಬಾಗಿಲನ್ನೂ ತಂದು ಬಾಜೂಕೆ ನಿಲ್ಲಿಸಿದರು. ಬಣ್ಣ ಚೂರೂ ತಪ್ಪದೆ ಹೊಂದಿತು. ಹೊಲಿಗೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಬಾಯಾರು ಭೂತಗನ್ನಡಿ ಹಿಡಿದು ಕಾರಿನ ಬಾಗಿಲ ಸಂದಿಯನ್ನೆಲ್ಲ ನೋಡಿ ನೆಟ್ಟಗಾದರು. "ಎಲ್ಲೂ ಕುಂಚದ ಗುರ್ತಿಲ್ಲ. ಇದನ್ನ ಹೇಳಿ ಮಾಡಿಸ್ಯಾರ, ಖರೇ. ಮಷಿನ್ ಕೆಲಸ. ಮನಷ್ಯಾರ ಕೈಯಿಲೆ ಇಷ್ಟ ಸಾಫ ಬರೂದ ಸಾಧ್ಯ ಇಲ್ಲ."

ಅವರ ಪೆನ್ನು ಮೂವತ್ತು ಬರೆಯಲು ಕಾಗದದ ಮೇಲೆ ಕೂತಿತು. ಗೆದ್ದರೂ ಇಷ್ಟು ಭಯವಾಗುತ್ತದೆಂದು ರಾಯರಿಗೆ ಗೊತ್ತಿರಲಿಲ್ಲ.

"ಬಾಯಾರ," ಎಂದ ನಾಗಲಿಂಗಪ್ಪ. ಅವನ ಮೀಸೆ ನಡುಗುತ್ತಿತ್ತು. "ಏನಂದ್ರಿ? ಇನ್ನೊಮ್ಮೆ ಅನ್ರಿ."

"ಮಷಿನ್ ಕೆಲಸ ಅಂದೆ ಅಜ್ಜಾ."

"ಯಾ ಮಷಿನ್ರಿ?" ಮುದುಕ ಎರಡೂ ಅಂಗೈ ಮುಂದೆ ಚಾಚಿದ. "ಇದ ನೋಡ್ರಿ ಮಷಿನ್! ಹಳೇ ಬಣ್ಣಾ ಉಸುಕಿನ ಕಾಗದಲೆ ತಿಕ್ಕಿ ತಿಕ್ಕಿ ಉಗರ ಸವದ ಹೋದ್ವು. ನಾಕ ಬೆರಳ ಕುಂಚದಲೆ ಒಂದ ಕೈ ಎಳದೀನಿ. ಒಂದ ಕೈ! ಆ ಮೂರ ದಿನ ಓಣ್ಯಾಗ ಕಸಾ ಹೊಡಿಯಾಕ ಬಿಟ್ಟಿಲ್ಲ, ಧೂಳ ಕೂಡತೈತಂತ. ಮಷಿನ್ ಅಂತ, ಮಷಿನ್!"

ಐವತ್ತು ವರ್ಷ ತಡೆದ ಬಾಯಿ ಒಂದು ಹೊಗಳಿಕೆಯನ್ನು ತಡೆಯಲಾಗದೆ ಒಡೆದುಹೋಗಿತ್ತು. ಮೊದಲು ಚೇತರಿಸಿಕೊಂಡವಳು ಕುಂದಾ. "ಬಾಯಾರ, ಅವಗ ವಯಸ್ಸಾಗೇತ್ರಿ. ನಿನ್ನಿ ಉಂಡದ್ದ ಇವತ್ತ ನೆನಪಿರೂದಿಲ್ಲ." ಓಣಿಯವರು ಹೌದು ಹೌದೆಂದರು. ಮ್ಯಾನೇಜರರು, "ಪಾಪ, ಮರವು" ಎಂದರು.

ಗಂಗಾದೇವಿ ಬಾಯಾರು ರಾಯರ ಕಡೆ ತಿರುಗಿದರು. "ನೀವು ಹೇಳ್ರಿ. ಈ ಅಜ್ಜನ ಮಾತ ಖರೇನೋ, ನಿಮ್ಮ ಸಹಿ ಖರೇನೋ?"

ಹಾದಿ ಸಲೀಸಾಗಿ ತೆರೆದಿತ್ತು. 'ಮುದುಕನಿಗೆ ಮರೆವು' ಎಂದರೆ ಮುಗಿಯಿತು, ಮೂವತ್ತಕ್ಕೆ ಮೂವತ್ತು. ರಾಯರು ನಾಗಲಿಂಗಪ್ಪನನ್ನು ನೋಡಿದರು. ಅವನು ಇನ್ನೂ ಅಂಗೈ ಚಾಚಿಕೊಂಡೇ ನಿಂತಿದ್ದ. ಬಣ್ಣ ಕೂತು ಕೂತು ಗೆರೆಯೆಲ್ಲ ತುಂಬಿಹೋದ ಅಂಗೈ. ಆ ಕೈಗಳ ಮುಂದೆ ರಾಯರಿಗೆ ಸಾವಂತ್ರವ್ವನ ಮುಖ ಯಾಕೆ ನೆನಪಾಯಿತೋ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅಜ್ಜನ ಮಾತ ಖರೇರಿ. ನನ್ನ ಸಹಿ ಸುಳ್ಳ. ಗುರುವಾರದಿಂದ ನನಗ ಗೊತ್ತಿತ್ತು."

ಗುಂಪಿನ ಹಿಂದಿನಿಂದ ಒಂದು ಪರಿಚಿತ ಧ್ವನಿ ಕೇಳಿತು. ಜಾತ್ರೆಯೋ ಏನೋ ಎಂದು ನೋಡಲು ಬಂದಿದ್ದ ಸಾವಂತ್ರವ್ವ. "ಸಾಹೇಬ್ರ, ನಿಮ್ಮದೂ ಒರಿಜಿನಲ್ ಇಲ್ಲೇನ್ರಿ?" ಅದರಲ್ಲಿ ಕುಹಕವೇ ಇರಲಿಲ್ಲ. ಅನುಕಂಪವಿತ್ತು. ರಾಯರಿಗೆ ಅದೇ ಹೆಚ್ಚು ಚುಚ್ಚಿತು.

"ಇಲ್ಲವಾ" ಎಂದರು.

"ಹಂಗಾರ ನಾ ನಾಳೆ ಬರ್ಲೇನ್ರಿ?"

"ಬಾ. ನೀ ಬಂದ್ರ ಸಾಕು."

ಬಾಯಾರು ಅರ್ಜಿ ತಿರುವಿದರು. "ಬಣ್ಣಾ ಬದಲಿಸಿದ ಕಾರಣ ಬರೀಬೇಕು. ಏನ ಕಾರಣ ಅಜ್ಜಾ?"

ನಾಗಲಿಂಗಪ್ಪ ಈಗ ಸಮಾಧಾನಗೊಂಡಿದ್ದ. "ವಕೀಲ ಸಾಹೇಬ್ರು ಹೇಳಬ್ಯಾಡ ಅಂದಾರ್ರಿ," ಎಂದು ಸ್ವಲ್ಪ ಹೊತ್ತು ಯೋಚಿಸಿ, "ತೋರಿಸಬ್ಯಾಡ ಅಂದಿಲ್ಲ" ಎಂದ. ವಕೀಲರ ಮನೆಗೆ ಅಷ್ಟು ವರ್ಷ ಬಣ್ಣ ಹಚ್ಚಿದ್ದು ವ್ಯರ್ಥವಾಗಿರಲಿಲ್ಲ. ಬಾಯಾರ ಕೈಯಿಂದ ಬ್ಯಾಟರಿ ತೆಗೆದುಕೊಂಡು ಕಾರಿನ ಹಿಂದೆ ಹೋದ, ತನ್ನ ಪಟಗಾ ಬಿಚ್ಚಿ ಡಿಕ್ಕಿಗೆ ನೆರಳು ಹಿಡಿದ, ಬೆಳಕನ್ನು ಪಕ್ಕದಿಂದ ಅಡ್ಡಡ್ಡ ಬಿಟ್ಟ.

ರಾಯರು ಅಷ್ಟು ವರ್ಷ ಅತಿಥಿಗಳಿಗೆಲ್ಲ ಮುಟ್ಟಿಸಿದ ಸುಕ್ಕುಗಳು ಹಸಿರಿನ ಕೆಳಗಿನಿಂದ ಎದ್ದು ನಿಂತವು. ಒಂದು ಮೇಲೆ, ಒಂದು ಕೆಳಗೆ, ಬೀಳುತ್ತ ಏಳುತ್ತ ಹೋದ ದೊಡ್ಡ ದೊಡ್ಡ ಅಕ್ಷರಗಳು: ತ್ರ್ಯಂಬಕ. ಅದರ ಪಕ್ಕ ನಾಲ್ಕು ಗಾಲಿಯ ಒಂದು ಬದನೆಕಾಯಿ. ಬಹುಶಃ ಕಾರು.

ರಾಯರಿಗೆ ಕೈಯಲ್ಲಿ ಒಂದು ಮೊಳೆಯ ತಣ್ಣನೆಯ ನೆನಪು ಬಂತು. ಆಗ ಅವರಿಗೆ ಆರು ವರ್ಷ. ಅಜ್ಜಿಯ ಮನೆಗೆ ಹೊರಡುವ ಹಿಂದಿನ ದಿನ. ತಿಂಗಳು ಬಿಟ್ಟು ಬಂದಾಗ ಕಾರು ಹಸಿರಾಗಿತ್ತು, ಬಾಗಿಲುಗಳೂ ಹಸಿರಾಗಿದ್ದವು. "ಜೋಡಿ ಆತು ನೋಡು" ಎಂದು ಅಪ್ಪ ನಕ್ಕಿದ್ದರು. ಅಷ್ಟೇ.

"ಇಡೀ ಗಾಡಿ ತುಂಬ ಮೊಳಿಲೆ ಗೀಚಿದ್ರಿ" ಎಂದ ನಾಗಲಿಂಗಪ್ಪ. "ಬೇರೆ ಕಡೆ ಎಲ್ಲಾ ಗೆರ್ಯಾಗ ಲಪ್ಪದ ಹಿಟ್ಟ ತುಂಬಿ ಸಾಪ ಮಾಡಿದೆ. ಡಿಕ್ಕಿಗಿ ಬಂದ ಕೂಡಲೆ ಸಾಹೇಬ್ರು ಕೈ ಹಿಡದ್ರು. 'ಇಲ್ಲಿ ಲಪ್ಪ ಬ್ಯಾಡೋ, ತೆಳ್ಳಗ ಒಂದ ಕೈ ಎಳಿ. ಮಂದೀಗಿ ಕಾಣಬಾರದು, ಅಳಿಸೀನೂ ಹೋಗಬಾರದು. ಹುಡುಗ ಮದಲನೇ ಸಲ ತನ್ನ ಹೆಸರ ತಾನ ಬರದಾನ' ಅಂದ್ರು."

ರಸಿಕಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಗಾದೇವಿ ಬಾಯಾರು ಬಣ್ಣದ ಎದುರಿಗೆ ಸೊನ್ನೆ ಬರೆದರು. ಕಾರಣದ ಎದುರಿಗೆ, 'ಮಾಲೀಕರು ಗೀಚಿದ್ದು' ಎಂದು ಬರೆದರು. "ಈ ಹಸರ ಕೆರಸಿ, ಕೆನೀ ಬಣ್ಣಾ ಹಚ್ಚಿಸಿದ್ರ ಮುಂದಿನ ವರ್ಷ ಹತ್ತ ಹನ್ನೆರಡರ ಸಿಗತಾವ್ರಿ" ಎಂದರು ಮೆಲ್ಲಗೆ.

"ಸೊನ್ನೀನ ಇರಲಿ ಬಾಯಾರ" ಎಂದರು ರಾಯರು.

ನಿಯಮ ನಿಯಮವೇ. ಅಭಿಜಿತ ಮೈಕಿನ ಮುಂದೆ ಹೋಗಿ ನಿಂತ. ನಾಲ್ಕು ದಿನದಿಂದ ಈ ಗಳಿಗೆಗೆ ಕಾದಿದ್ದವನು ಈಗ ಕಾಗದವನ್ನು ಅತ್ತ ಇತ್ತ ತಿರುಗಿಸಿದ, ಕೆಮ್ಮಿದ, ಕೊನೆಗೆ ಓದಿದ: "ಸುಳ್ಳ ಹೇಳಿಕೆ ಕೊಟ್ಟದ್ದಕ್ಕ ಸ್ಪರ್ಧಾದಿಂದ ಹೊರಗಿಟ್ಟವರು... ತ್ರ್ಯಂಬಕ ವಾಮನ ಹುದ್ದಾರ."

ನಾಲ್ಕೂ ದಿಕ್ಕಿನ ಸ್ಪೀಕರುಗಳಲ್ಲಿ ಆ ಹೆಸರು ಟಿಳಕವಾಡಿಯ ತುಂಬ ಕೇಳಿಸಿತು. ಜನ ತಿರುಗಿ ನೋಡಿದರು. ರಾಯರು ಒಂದು ಕೈಯನ್ನು ಡಿಕ್ಕಿಯ ಅಕ್ಷರಗಳ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ಸಾಲಿಹುಡುಗನ ಹಾಗೆ ಮೇಲೆತ್ತಿ, ಸ್ಪಷ್ಟವಾಗಿ ಕೂಗಿದರು:

"ಹಾಜರ್ರೀ!"